ಹಳೆಯ ಪದ್ಮಿನಿ ಕಾರನ್ನು ನಾನೇ ರಿಪೇರಿ ಮಾಡಿಕೊಂಡು ಇಟ್ಟುಕೊಂಡರೆ ವರ್ಷಕ್ಕೆ ಎಷ್ಟು ಖರ್ಚು ಬರಬಹುದು?

ಚಿಕ್ಕಮಗಳೂರಿನಲ್ಲಿದ್ದೀರಿ, ಮಾವನವರ ಮನೆಯ ಶೆಡ್ಡಿನಲ್ಲಿ ವರ್ಷಗಳಿಂದ ನಿಂತಿರುವ 1980ರ ದಶಕದ ಪ್ರೀಮಿಯರ್ ಪದ್ಮಿನಿಯನ್ನು ತರಬೇಕೆಂದಿದ್ದೀರಿ, ಕೂಲಿ ಉಳಿಸಲು ರಿಪೇರಿಯನ್ನು ನೀವೇ ಕಲಿತು ಮಾಡಿಕೊಂಡರೆ ಎಷ್ಟು ದುಡ್ಡು, ಎಷ್ಟು ಹೊತ್ತು ಬೇಕು ಎಂದು ಕೇಳಿದ್ದೀರಿ. ನಿಮ್ಮದು ಮಾವನವರ ಕಾರು, ನನ್ನದು ದೊಡ್ಡಪ್ಪನವರದು. ಅಷ್ಟು ಬಿಟ್ಟರೆ ಇದು ನನ್ನದೇ ಹಳೆಯ ಪ್ರಶ್ನೆ.

ದೊಡ್ಡಪ್ಪನವರು ತೀರಿಕೊಂಡ ಮೇಲೆ ಅವರ ಪದ್ಮಿನಿ ಮೂಡಿಗೆರೆ ಕಡೆಯ ಮನೆಯಲ್ಲಿ, ಕಾಫಿ ಮೂಟೆ ಇಡುವ ಗೋದಾಮಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತ್ತು. ಅದನ್ನು ಊರಿಗೆ ಎಳೆದು ತಂದಾಗ ಮನೆಯವರೆಲ್ಲರಿಗೂ ಎಂಜಿನ್ನಿನದೇ ಚಿಂತೆ. ಆದರೆ ಎಂಜಿನ್ ನಮ್ಮನ್ನು ಕಾಡಲೇ ಇಲ್ಲ. 1089 ಸಿಸಿಯ ಆ ನಾಲ್ಕು ಸಿಲಿಂಡರಿನ ಎಂಜಿನ್ ಎಷ್ಟು ಸರಳವೆಂದರೆ, ಬಾನೆಟ್ ಎತ್ತಿದರೆ ಒಳಗಿರುವ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ಪೆಟ್ರೋಲ್ ಟ್ಯಾಂಕ್ ಇಳಿಸಿ ತೊಳೆಸಿದೆವು, ಕಾರ್ಬ್ಯುರೇಟರ್ ಬಿಚ್ಚಿ ಜೆಟ್‌ಗಳನ್ನು ಊದಿ ಹಾಕಿದೆವು, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಬದಲಿಸಿದೆವು. ಪಾಯಿಂಟಿನ ಸಂದನ್ನು ಫೀಲರ್ ಗೇಜ್ ಇಟ್ಟು ಹೊಂದಿಸುವುದನ್ನು ಮೇಸ್ತ್ರಿ ಒಂದೇ ಸಲ ತೋರಿಸಿಕೊಟ್ಟರು. ಅರ್ಧ ಮಿಲಿಮೀಟರಿಗೂ ಕಡಿಮೆಯ ಆ ಸಂದು ಹೆಚ್ಚುಕಡಿಮೆಯಾದರೆ ಬೆಳಗಿನ ಚಳಿಯಲ್ಲಿ ಕಾರು ಹೇಗೆ ಕೊಸರಾಡುತ್ತದೆ ಎಂಬುದನ್ನು ಕಾರೇ ಕಲಿಸಿತು. ಪ್ಲಗ್, ಪಾಯಿಂಟ್, ಆಯಿಲ್, ಫ್ಯಾನ್ ಬೆಲ್ಟ್, ಗ್ರೀಸ್ ಎಲ್ಲ ಸೇರಿದರೂ ಆ ವರ್ಷದ ಖರ್ಚು ಒಂದು ಹೊಸ ಕಾರಿನ ಎರಡು ತಿಂಗಳ ಕಂತನ್ನು ಮುಟ್ಟಲಿಲ್ಲ. ಹಳೆಯ ಕಾರು ಸಾಕುವುದು ಕಷ್ಟವೆಂದು ಜನ ಸುಮ್ಮನೆ ಹೆದರಿಸುತ್ತಾರೆ ಎಂಬ ತೀರ್ಮಾನಕ್ಕೆ ಬಂದಿದ್ದೆ.

ಆಗ ನಾನು ಮಾಡಿದ ಒಂದು ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ಎಂಜಿನ್, ಕ್ಲಚ್, ಬಣ್ಣ, ಸೀಟಿನ ಹೊದಿಕೆ ಎಲ್ಲ ಬಂದಿವೆ, ಕಾರಿನ ಹೊಟ್ಟೆಯಡಿಯ ತಗಡಿನ ಮಾತು ಮಾತ್ರ ಎಲ್ಲೂ ಬಂದಿಲ್ಲ.

ಮೃಗಶಿರ ಮಳೆ ಹಿಡಿಯುವ ಮೊದಲು ಕಾರಿನ ಅಡಿಗೆ ಅಂಡರ್‌ಬಾಡಿ ಕೋಟಿಂಗ್ ಬಳಿಯಬೇಕೆಂದು ನಿರ್ಧರಿಸಿದೆ. ಯೋಚನೆಯಲ್ಲಿ ತಪ್ಪಿರಲಿಲ್ಲ, ಮಲೆನಾಡಿನಲ್ಲಿ ಕಾರಿಟ್ಟುಕೊಂಡವರು ಯೋಚಿಸಲೇಬೇಕಾದ ಕೆಲಸ ಅದು. ವಾಟರ್ ಸರ್ವಿಸ್ ಮಾಡಿಸಿ, ಜೋರು ನೀರಿನಲ್ಲಿ ಅಡಿಭಾಗದ ಮಣ್ಣನ್ನೆಲ್ಲ ತೊಳೆಸಿ, ಮಧ್ಯಾಹ್ನದವರೆಗೆ ಬಿಸಿಲಿಗೆ ನಿಲ್ಲಿಸಿದೆ. ಮುಟ್ಟಿದರೆ ಒಣಗಿತ್ತು. ತಂತಿ ಬ್ರಷ್ಷಿನಿಂದ ಸಡಿಲ ತುಕ್ಕನ್ನು ಉಜ್ಜಿ ತೆಗೆದೆ. ಡಾಂಬರಿನಂಥ ಆ ಕಪ್ಪು ರಬ್ಬರ್ ಕೋಟಿಂಗನ್ನು ಬ್ರಷ್ಷಿನಲ್ಲಿ ದಪ್ಪವಾಗಿ ಬಳಿದೆ, ಒಣಗಿದ ಮೇಲೆ ಇನ್ನೊಂದು ಸಲ ಬಳಿದೆ. ಬಾಗಿಲುಗಳ ಕೆಳಅಂಚಿನಲ್ಲಿಯೂ, ಬಾಗಿಲ ಕೆಳಗೆ ಕಾರಿನುದ್ದಕ್ಕೂ ಪೆಟ್ಟಿಗೆಯಂತೆ ಹೋಗುವ, ನಮ್ಮ ಕಡೆಯ ಟಿಂಕರ್‌ಗಳು ರನ್ನಿಂಗ್ ಬೋರ್ಡ್ ಎನ್ನುವ ತಗಡಿನ ತಳದಲ್ಲಿಯೂ ಸಣ್ಣ ಸಣ್ಣ ಸೀಳುಗಳು, ತೂತುಗಳು ಕಂಡವು. ತುಕ್ಕು ತಿಂದು ಆದ ತೂತುಗಳಿರಬೇಕು, ಇಲ್ಲಿಂದಲೇ ನೀರು ಒಳನುಗ್ಗುತ್ತದೆ ಎಂದುಕೊಂಡು ಅವುಗಳ ಮೇಲೆ ಬೇರೆ ಕಡೆಗಿಂತ ದಪ್ಪವಾಗಿ ಮೆತ್ತಿದೆ. ಮಳೆಗೆ ಮೊದಲು ಬಣ್ಣವನ್ನೂ ಹೊಸದಾಗಿ ಮಾಡಿಸಿದ್ದರಿಂದ ಕಾರು ಎಲ್ಲ ಬಗೆಯಲ್ಲೂ ಸಜ್ಜಾಗಿದೆ ಎಂದೇ ನಂಬಿದ್ದೆ.

ಆ ತೂತುಗಳು ಕಾರಿನ ಕಾರ್ಖಾನೆಯಲ್ಲೇ ಬಿಟ್ಟವು. ಬಾಗಿಲಿನ ಗಾಜಿಗೂ ತಗಡಿಗೂ ನಡುವೆ ಇರುವ ರಬ್ಬರ್ ಪಟ್ಟಿ ಹೊಸದಾಗಿದ್ದಾಗಲೂ ಮಳೆಯ ನೀರನ್ನು ಪೂರ್ತಿ ತಡೆಯುವುದಿಲ್ಲ. ಗಾಜಿನ ಮೇಲೆ ಇಳಿದ ನೀರು ಬಾಗಿಲಿನ ಒಳಗೇ ಹರಿದು, ಕೆಳಗಿನ ಸೀಳಿನಿಂದ ಹೊರಹೋಗಬೇಕೆಂಬುದೇ ಅದರ ವ್ಯವಸ್ಥೆ. ರನ್ನಿಂಗ್ ಬೋರ್ಡಿನ ಪೆಟ್ಟಿಗೆಯೊಳಗೂ ಹಾಗೆಯೇ: ಎಲ್ಲಿಂದಲೋ ಇಳಿದ ನೀರು, ತಣ್ಣನೆಯ ರಾತ್ರಿಗಳಲ್ಲಿ ತಗಡಿನ ಒಳಮೈಗೆ ಕಟ್ಟುವ ಹನಿ ಎಲ್ಲವೂ ತಳದ ತೂತಿನಿಂದ ಸೋರಿ ಹೋಗಬೇಕು, ಅದೇ ತೂತಿನಿಂದ ಗಾಳಿಯೂ ಆಡಬೇಕು. ಮುಟ್ಟಿದಾಗ ತಗಡು ಒಣಗಿತ್ತು ನಿಜ, ಆದರೆ ಜೋರು ನೀರಿನಲ್ಲಿ ತೊಳೆಸಿದ್ದರಿಂದ ತಗಡುಗಳು ಒಂದರ ಮೇಲೊಂದು ಕೂರುವ ಬೆಸುಗೆಯ ಸಂದುಗಳಲ್ಲಿ ನೀರು ಉಳಿದೇ ಇತ್ತು. ಅರ್ಧ ದಿನದ ಬಿಸಿಲು ಆ ಸಂದುಗಳವರೆಗೆ ಇಳಿಯುವುದಿಲ್ಲ. ತುಕ್ಕಿಗೆ ಬೇಕಾದದ್ದು ಕಬ್ಬಿಣ, ನೀರು, ಗಾಳಿ. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ, ಮೇಲೆ ರಬ್ಬರ್ ಬಳಿದು, ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಗೆ ಕಾರನ್ನು ಒಪ್ಪಿಸಿಬಿಟ್ಟಿದ್ದೆ. ಹೊರಗೆ ಕಾಣುವ ತುಕ್ಕು ಬಣ್ಣವನ್ನು ಉಬ್ಬಿಸಿ ಮೊದಲೇ ಸುಳಿವು ಕೊಡುತ್ತದೆ, ಏಕೆಂದರೆ ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗ ಬೇಡುತ್ತದೆ. ಆದರೆ ಬಗ್ಗಬಲ್ಲ ಆ ದಪ್ಪ ಕೋಟಿಂಗಿನ ಹಿಂದೆ ಅಂಥ ಸುಳಿವೂ ಸಿಗಲಿಲ್ಲ. ಸಾಲದ್ದಕ್ಕೆ ಕಾರಿನ ಮೇಲೆ ಟಾರ್ಪಾಲ್ ಹೊದಿಸಿದ್ದೆ. ಅದು ಮೇಲಿನ ಮಳೆಯನ್ನು ತಡೆದದ್ದಕ್ಕಿಂತ ನೆಲದಿಂದ ಏಳುವ ತೇವವನ್ನು ಹಿಡಿದಿಟ್ಟದ್ದೇ ಹೆಚ್ಚು.

ದೀಪಾವಳಿಯ ಹೊತ್ತಿಗೆ ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಜಾಕ್ ಕೊಟ್ಟು ತಿರುಗಿಸಿದೆ. ಜಾಕ್ ಮೇಲೇರಿತು, ಕಾರು ಏರಲಿಲ್ಲ. ಬಗ್ಗಿ ನೋಡಿದರೆ ಜಾಕಿನ ತಲೆ ರನ್ನಿಂಗ್ ಬೋರ್ಡಿನ ಒಳಗೆ ಹೋಗಿತ್ತು. ಕೋಟಿಂಗನ್ನು ಕೈಯಿಂದ ಎಳೆದಾಗ ಅದು ಅಂಗೈಯಗಲದ ತುಂಡುಗಳಾಗಿ ಕಿತ್ತು ಬಂತು. ತುಂಡಿನ ಒಳಮೈಗೆ ತಗಡು ಕೆಂಪು ಪುಡಿಯಾಗಿ ಅಂಟಿಕೊಂಡಿತ್ತು, ಹಿಂದಿನಿಂದ ಕಂದು ಬಣ್ಣದ ನೀರು ಧಾರೆಯಾಗಿ ಸುರಿದು ಅಂಗಳದಲ್ಲಿ ಹರಿಯಿತು. ಮಳೆ ನಿಂತು ವಾರಗಳಾಗಿದ್ದವು. ಟಿಂಕರ್ ಕೆಲಸದ ಮೇಸ್ತ್ರಿ ಬಂದು, ಮಂಡಿಯೂರಿ ಕುಳಿತು, ಸುತ್ತಿಗೆಯ ಹಿಡಿಯಿಂದ ಅಡಿಯುದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ತಗಡಿನ ಸದ್ದು ಬಂದದ್ದು ಕೆಲವೇ ಕಡೆ. "ಮೇಷ್ಟ್ರೇ, ಕಾರಿಗೆ ರೈನ್‌ಕೋಟ್ ತೊಡಿಸಿದ್ದೀರಿ ಸರಿ, ಆದರೆ ನೀರನ್ನು ಒಳಗಿಟ್ಟು ಗುಂಡಿ ಹಾಕಿದ್ದೀರಿ" ಎಂದರು.

ಪದ್ಮಿನಿಗೆ ಜೀಪಿನಂತೆ ಬೇರೆ ಛಾಸಿ ಇಲ್ಲ. ಬಾಡಿಯೇ ಭಾರ ಹೊರಬೇಕು, ಅದರಲ್ಲಿ ಹೆಚ್ಚಿನ ಪಾಲು ಈ ರನ್ನಿಂಗ್ ಬೋರ್ಡುಗಳದು. ಅದನ್ನು ಹಾಗೆಯೇ ಕತ್ತರಿಸಿ ತೆಗೆದರೆ ಕಾರು ನಡುವೆ ಬಾಗುತ್ತದೆ, ಆಮೇಲೆ ಬಾಗಿಲುಗಳು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ಆದ್ದರಿಂದ ಮೊದಲು ಬಾಗಿಲಿನ ಚೌಕಟ್ಟುಗಳಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದು, ಸೀಟು, ಮ್ಯಾಟು, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ಹೊರಗೆ ತೆಗೆದು, ಬ್ಯಾಟರಿ ಬಿಚ್ಚಿಟ್ಟು, ಹೊಸ ತಗಡನ್ನು ಬಗ್ಗಿಸಿ ಬೆಸೆಯಬೇಕಾಯಿತು. ಇದಕ್ಕೆ ಅಂಗಡಿಯಲ್ಲಿ ಸಿದ್ಧ ಭಾಗ ಸಿಗಲಿಲ್ಲ, ಎಲ್ಲವೂ ಕೈಯಲ್ಲೇ ಆಗಬೇಕು. ವೆಲ್ಡಿಂಗಿನ ಬಿಸಿಗೆ ಹೊಸ ಬಣ್ಣ ಸುಟ್ಟಿದ್ದರಿಂದ ಅದನ್ನೂ ಮತ್ತೆ ಮಾಡಿಸಬೇಕಾಯಿತು. ಬಿಲ್ಲು ಒಂದು ಲಕ್ಷ ದಾಟಿತು. ಅಲ್ಲಿಯವರೆಗೆ ಎಂಜಿನ್, ಬ್ರೇಕ್, ಟೈರ್, ಬ್ಯಾಟರಿಗೆ ಹಾಕಿದ್ದನ್ನೆಲ್ಲ ಕೂಡಿಸಿದರೂ ಅಷ್ಟಾಗಿರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲಿರುವ ಮಾತಿಗೆ ಬರುತ್ತೇನೆ. ಕೂಲಿ ಉಳಿಸಲೆಂದು ರಿಪೇರಿ ಕಲಿಯಬೇಡಿ. ನಮ್ಮ ಊರಿನಲ್ಲಿ ಹಳೆಯ ಫಿಯೆಟ್ ಬಲ್ಲ ಮೇಸ್ತ್ರಿಯ ಕೂಲಿ ಈ ಇಡೀ ವ್ಯವಹಾರದಲ್ಲಿ ತೀರಾ ಅಗ್ಗದ ಬಾಬತ್ತು. ನೀವು ಒಂದು ಭಾನುವಾರ ಪೂರ್ತಿ ಒದ್ದಾಡಿ ಮಾಡುವ ಬ್ರೇಕ್ ಕೆಲಸವನ್ನು ಅವರು ಎರಡು ಲೋಟ ಚಹಾದ ನಡುವೆ ಮುಗಿಸುತ್ತಾರೆ. ದುಡ್ಡು ಹೋಗುವುದು ತಗಡಿಗೆ, ಬಣ್ಣಕ್ಕೆ, ಸಾಮಾನು ಹುಡುಕುವ ಓಡಾಟಕ್ಕೆ, ತಪ್ಪು ಸಾಮಾನು ತಂದು ಮತ್ತೆ ತರುವುದಕ್ಕೆ. ನನ್ನ ಮಟ್ಟಿಗೆ ಏನೂ ಕೆಡದ ಸಾಧಾರಣ ವರ್ಷದಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ಆಗುತ್ತದೆ. ಕೆಟ್ಟ ವರ್ಷದ ಲೆಕ್ಕವನ್ನು ಮೇಲೆಯೇ ಹೇಳಿದ್ದೇನೆ. ನೀವೇ ಕೆಲಸ ಕಲಿಯುವುದರಿಂದ ಸಿಗುವ ಲಾಭ ಬೇರೆ: ಯಾವ ಸದ್ದು ನಿನ್ನೆ ಇರಲಿಲ್ಲ ಎಂಬುದು ನಿಮಗೆ ಗೊತ್ತಾಗುತ್ತದೆ. ಅದು ದುಡ್ಡಿನಲ್ಲಿ ಕಾಣುವ ಲಾಭವಲ್ಲ.

ಸಾಮಾನಿನ ವಿಚಾರದಲ್ಲಿ ಅಷ್ಟು ಹೆದರಬೇಕಿಲ್ಲ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಶುರುವಾಗಿ ಆಮೇಲೆ ಪದ್ಮಿನಿ ಎನಿಸಿಕೊಂಡ ಈ ಕಾರನ್ನು ಮುಂಬೈಯ ಕುರ್ಲಾದಲ್ಲಿ ದಶಕಗಳ ಕಾಲ ಮಾಡಿದರು, ಮುಂಬೈಯ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್ ತನಕ ಓಡಿತು. ಅದರಿಂದಾಗಿ ಎಂಜಿನ್, ಬ್ರೇಕಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಸಿಗುತ್ತದೆ. ಹಳೆಯ ಸಾಮಾನನ್ನು ಸ್ಯಾಂಪಲ್ಲಿಗೆ ಕೈಯಲ್ಲಿ ಹಿಡಿದೇ ಹೋಗಿ; ಫೋನಿನಲ್ಲಿ ವಿವರಿಸಿ ತರಿಸಿದ ಒಂದು ವಾಟರ್ ಪಂಪ್ ನನ್ನ ಅಟ್ಟದ ಮೇಲೆ ಇಂದಿಗೂ ಇದೆ.

ಎರಡು ಕಡೆ ಮಾತ್ರ ಜಿಪುಣತನ ಮಾಡಬೇಡಿ. ಒಂದು ಬ್ರೇಕ್. ಇದಕ್ಕೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಕೈಮರದ ಕಡೆಗೆ ಬೆಟ್ಟ ಇಳಿಯುವಾಗಲೋ ಚಾರ್ಮಾಡಿಯಲ್ಲೋ ಅದನ್ನು ಅನುಭವಿಸುವ ಅಗತ್ಯವಿಲ್ಲ. ಕಾರು ಓಡಲಿ ಬಿಡಲಿ, ಮಳೆಗಾಲ ಕಳೆದ ಮೇಲೆ ಬ್ರೇಕ್ ಆಯಿಲ್ ಬದಲಿಸಿ, ವೀಲ್ ಸಿಲಿಂಡರುಗಳ ರಬ್ಬರನ್ನು ನೋಡಿಸಿ. ಇನ್ನೊಂದು ಪೆಟ್ರೋಲ್ ಹಾದು ಬರುವ ರಬ್ಬರ್. ಈಗ ಬಂಕುಗಳಲ್ಲಿ ಸಿಗುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಈ ಕಾರಿನ ಕಾಲದ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಅದಕ್ಕೆಂದು ಮಾಡಿದವಲ್ಲ, ಮೆತ್ತಗಾಗುತ್ತವೆ, ಬಿರಿಯುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುವುದರಿಂದ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬಾರದು. ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಿಸುವುದು ದೊಡ್ಡ ಖರ್ಚಲ್ಲ.

ಹೊತ್ತಿನ ಪ್ರಶ್ನೆಗೆ ಗಂಟೆಗಳಲ್ಲಿ ಉತ್ತರಿಸಲಾರೆ. ವಾರಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸಲೇಬೇಕು. ಅಂಗಳದಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿದರೆ ಸೈಲೆನ್ಸರಿನಲ್ಲಿ ನೀರು ಕೂತು ಅದೂ ಕೊಳೆಯುತ್ತದೆ. ಮಳೆಗಾಲದಲ್ಲಿ ಓಡಿಸಿ ಬಂದಾಗಲೆಲ್ಲ ಮ್ಯಾಟ್ ಎತ್ತಿ ನೆಲ ಮುಟ್ಟಿ ನೋಡಬೇಕು, ಬಾಗಿಲಿನ ಕೆಳಗಿನ ತೂತುಗಳಿಗೆ ತಂತಿ ಚುಚ್ಚಿ ಮಣ್ಣು ತೆಗೆಯಬೇಕು. ಅಡಿಭಾಗಕ್ಕೆ ಈಗ ನಾನು ರಬ್ಬರ್ ಬಳಿಯುವುದಿಲ್ಲ. ಕಾಫಿ ಹೂವರಳಿಸುವ ಬೇಸಿಗೆಯ ಹೂಮಳೆಗೂ ಮೊದಲು, ನೆಲ ಬಿರಿಯುವಂಥ ಒಣ ದಿನಗಳಲ್ಲಿ ತುಕ್ಕು ತೆಗೆದು ರೆಡ್ ಆಕ್ಸೈಡ್ ಪ್ರೈಮರ್ ಹೊಡೆಸುತ್ತೇನೆ. ಪೆಟ್ಟಿಗೆಗಳ ಒಳಗೆ ಸಂದುಸಂದಿಗೂ ಇಳಿಯುವ ಮೇಣದಂಥ ಎಣ್ಣೆಯನ್ನು ಸ್ಪ್ರೇ ಮಾಡಿಸುತ್ತೇನೆ. ಲಾರಿಯವರು ವೇಸ್ಟ್ ಆಯಿಲ್ ಬಳಿಯುವುದನ್ನು ನೋಡಿ ನಕ್ಕವನು ನಾನು. ರಬ್ಬರ್ ಬುಷ್‌ಗಳಿಗೂ ಬ್ರೇಕಿಗೂ ತಾಗದಂತೆ ನೋಡಿಕೊಂಡರೆ ಅದು ಕೂಡ ನಾನು ಬಳಿದದ್ದಕ್ಕಿಂತ ವಾಸಿ. ಟಾರ್ಪಾಲ್ ಬೇಡ. ಸಿಮೆಂಟ್ ನೆಲ, ಎರಡು ಕಡೆ ಗಾಳಿಯಾಡುವ ಶೆಡ್ಡು ಬೇಕು. ಅದು ನಿಮ್ಮಲ್ಲಿ ಇಲ್ಲದಿದ್ದರೆ ಕಾರಿನ ಖರ್ಚಿನ ಲೆಕ್ಕ ಹಾಕುವ ಮೊದಲು ಶೆಡ್ಡಿನ ಲೆಕ್ಕ ಹಾಕಿ, ಅದೂ ಆಗದಿದ್ದರೆ ಕಾರನ್ನು ಬಯಲುಸೀಮೆಯ ನೆಂಟರ ಮನೆಯಲ್ಲಿಡಿ. ಕಡೂರಿನ ಬಿಸಿಲಿನಲ್ಲಿ ನಿಂತ ಕಾರಿಗೂ ಮೂಡಿಗೆರೆಯ ಶೆಡ್ಡಿನಲ್ಲಿ ನಿಂತ ಕಾರಿಗೂ ಇರುವ ವ್ಯತ್ಯಾಸವನ್ನು ಟಿಂಕರ್ ಮೇಸ್ತ್ರಿಯನ್ನು ಕೇಳಿ ನೋಡಿ.

ವಿಂಟೇಜ್ ಎಂದು ನೋಂದಾಯಿಸಿದರೆ ತಾಪತ್ರಯ ಕಡಿಮೆಯೇ ಎಂದೂ ಕೇಳಿದ್ದೀರಿ. 2021ರ ಕೇಂದ್ರ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ತುಂಬಿದ ವಾಹನಕ್ಕೆ ಮಾತ್ರ ಆ ಅವಕಾಶ. ನಿಮ್ಮದಕ್ಕೆ ಇನ್ನೂ ಸಿಗುವುದಿಲ್ಲ. ಸಿಕ್ಕರೂ ಅಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕಾರಣಗಳಿಗಷ್ಟೇ ರಸ್ತೆಗಿಳಿಸಬಹುದು. ಸಾಮಾನ್ಯ ನೋಂದಣಿಯನ್ನೇ ಐದೈದು ವರ್ಷಕ್ಕೆ ನವೀಕರಿಸಿಕೊಂಡು ಹೋಗಬೇಕು. 2022ರ ಏಪ್ರಿಲ್‌ನಿಂದ 600 ರೂಪಾಯಿಯ ಶುಲ್ಕ 5,000 ಆಯಿತು, 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿದರು. ತಡವಾದ ಪ್ರತಿ ತಿಂಗಳಿಗೆ 500 ರೂಪಾಯಿ ಬೇರೆ. ನಿಮ್ಮ ಕಾರು ವರ್ಷಗಳಿಂದ ನಿಂತಿದೆ ಎಂದಿದ್ದೀರಿ, ಆದ್ದರಿಂದ ಮಾವನವರ ಬಳಿ ಮೊದಲು ಆರ್‌ಸಿ ಕೇಳಿ ತೆಗೆದುಕೊಂಡು ಅವಧಿ ಯಾವಾಗ ಮುಗಿದಿದೆ ನೋಡಿ. ಶೆಡ್ಡಿಗೆ ಹೋಗುವಾಗ ಒಂದು ದಪ್ಪ ಸ್ಕ್ರೂ ಡ್ರೈವರ್ ಇರಲಿ. ರನ್ನಿಂಗ್ ಬೋರ್ಡಿನ ತಳವನ್ನು, ಮ್ಯಾಟಿನ ಅಡಿಯ ನೆಲವನ್ನು, ಹಿಂದಿನ ಚಕ್ರದ ಪಟ್ಟಾ (ಲೀಫ್ ಸ್ಪ್ರಿಂಗ್) ಬಾಡಿಗೆ ಸೇರುವ ಜಾಗವನ್ನು ಅದರಿಂದ ಒತ್ತಿ ನೋಡಿ. ಸ್ಕ್ರೂ ಡ್ರೈವರ್ ಒಳಗೆ ಇಳಿದರೆ, ಎಂಜಿನ್ ಸ್ಟಾರ್ಟ್ ಆಗುತ್ತದೆಯೇ ಎಂದು ನೋಡಲು ಬ್ಯಾಟರಿ ಹೊತ್ತುಕೊಂಡು ಹೋಗುವ ಮೊದಲು ಟಿಂಕರ್ ಮೇಸ್ತ್ರಿಯನ್ನು ಆ ಶೆಡ್ಡಿಗೇ ಕರೆದುಕೊಂಡು ಹೋಗಿ, ಅವರು ಹೇಳುವ ಮೊತ್ತಕ್ಕೆ ಬಣ್ಣದ ಖರ್ಚನ್ನೂ ಸೇರಿಸಿಕೊಂಡು ಆಮೇಲೆ ಮಾವನವರಿಗೆ ಹೂಂ ಅನ್ನಿ.