ವರ್ಷದ ಸ್ಪೋರ್ಟ್ಸ್ ಪ್ಯಾಕ್ ಬೇಕಾ?

ಸುರತ್ಕಲ್‌ನಲ್ಲಿ ಮನೆ, ನೋಡುವುದು ಭಾರತದ ಕ್ರಿಕೆಟ್ ಮತ್ತು ಐಪಿಎಲ್ ಮಾತ್ರ, ಟಿವಿಗೆ ವರ್ಷದ ಸ್ಪೋರ್ಟ್ಸ್ ಪ್ಯಾಕ್ ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ. ಉಡುಪಿಯಲ್ಲಿ ನಾನು ಒಮ್ಮೆ ಹಾಕಿಸಿ ಕೈ ಸುಟ್ಟುಕೊಂಡೆ. ಜೂನ್ ಬಂದರೆ ನಮ್ಮ ಮಳೆ ಗೊತ್ತಲ್ವಾ, ಜೋರಾಗಿ ಹೊಡೆದರೆ ಡಿಶ್ ಸಿಗ್ನಲ್ ಮಾಯ, ಹಿಂದೆಯೇ ಕರೆಂಟೂ. ಆ ಪ್ಯಾಕ್‌ನಲ್ಲಿದ್ದ ಗಾಲ್ಫ್, ಕಾರ್ ರೇಸ್ ಯಾರಿಗೆ ಬೇಕಿತ್ತು? ದುಡ್ಡು ಸುಮ್ನೆ ಹೋಯಿತು.

2019ರಿಂದ ಟ್ರಾಯ್ (ಕೇಂದ್ರದ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದಂತೆ ಬೇಕಾದ ಚಾನೆಲ್ ಒಂದನ್ನೇ ಬಿಡಿಯಾಗಿ ತೆಗೆದುಕೊಳ್ಳಬಹುದು. ಐಪಿಎಲ್ ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಎರಡು ತಿಂಗಳು. ಅಷ್ಟಕ್ಕೆ ಸ್ಟಾರ್ ಸ್ಪೋರ್ಟ್ಸ್‌ನ ಕನ್ನಡ ಚಾನೆಲ್ ಒಂದು ಸಾಕು. (ಅದೇ ಹೊತ್ತಿಗೆ ಯಕ್ಷಗಾನ, ದೈವಗಳ ನೇಮ ಜಾಸ್ತಿ. ರಾತ್ರಿ ಮನೆಯಲ್ಲಿ ಇರುವವರೇ ಕಡಿಮೆ!)

ಭಾರತ ಪುರುಷರ ತಂಡದ ಏಕದಿನ, ಟಿ20 ಪಂದ್ಯಗಳನ್ನು ಖಾಸಗಿ ಚಾನೆಲ್‌ನವರು 2007ರ ಕಾನೂನಿನ ಪ್ರಕಾರ ದೂರದರ್ಶನದ ಜೊತೆ ಹಂಚಿಕೊಳ್ಳಲೇಬೇಕು. ದೂರದರ್ಶನದ್ದೇ ಡಿಶ್ ಸೇವೆಯಾದ ಡಿಡಿ ಫ್ರೀ ಡಿಶ್ ಇದ್ದರೆ ತಿಂಗಳ ಬಾಡಿಗೆಯೇ ಇಲ್ಲ. ಆದರೆ ಆ ಪಂದ್ಯಗಳು ಕೇಬಲ್ ಅಥವಾ ಖಾಸಗಿ ಡಿಶ್‌ನ ಡಿಡಿ ಚಾನೆಲ್‌ನಲ್ಲಿ ಬರುವುದಿಲ್ಲ, ಫ್ರೀ ಡಿಶ್‌ನಲ್ಲಿ ಮಾತ್ರ. ಇದು ತಿಳಿಯದೆ ನಾನು ಒಂದು ಸಂಜೆಯಿಡೀ ರಿಮೋಟ್ ಒತ್ತಿದ್ದೇನೆ.

ವಾರವಾರ ಯುರೋಪಿನ ಫುಟ್‌ಬಾಲ್ ನೋಡುವವರು ಮನೆಯಲ್ಲಿದ್ದರೆ ಮಾತ್ರ ದೊಡ್ಡ ಪ್ಯಾಕ್ ಯೋಚಿಸಿ.