ಲೈಟೆಲ್ಲಾ ಹಸಿರೇ ಇದೆ ಅಂತಾರೆ, ಮತ್ತೆ ಆಫೀಸ್ ಫೋನ್ ಯಾಕೆ ಸತ್ತಿದೆ?

ಪ್ರಶ್ನೆ: ನಮಸ್ತೆ ಸರ್, ನಾನು ಚಿಕ್ಕಮಗಳೂರಲ್ಲಿ ಒಂದು ಕಾಫಿ ಕ್ಯೂರಿಂಗ್ ಆಫೀಸಲ್ಲಿ ಅಕೌಂಟ್ಸ್ ನೋಡ್ಕೊಳ್ಳೋಳು. ಮೊನ್ನೆ ಗುಡುಗು ಮಳೆಗೆ ಕರೆಂಟ್ ಹೋಗಿ ಬಂತು, ಅವತ್ತಿಂದ ಆಫೀಸ್ ನಂಬರಿಗೆ ಹೊರಗಿಂದ ಕಾಲ್ ಬರ್ತಿಲ್ಲ, ಇಲ್ಲಿಂದ್ಲೂ ಹೋಗ್ತಿಲ್ಲ. ಗೋಡೌನು, ಗೇಟಿಗೆ ಇಂಟರ್‌ಕಾಮ್ ಸರಿಯಾಗಿದೆ, ಇಂಟರ್ನೆಟ್ಟೂ ಬರ್ತಿದೆ. ಫೈಬರ್ ಮೋಡೆಮ್‌ನಲ್ಲಿ ಪವರ್, ಪಾನ್, ಇಂಟರ್ನೆಟ್ ಹಸಿರು, ಟೆಲ್ ಅನ್ನೋದೊಂದು ಆರಿದೆ. ಫೈಬರ್‌ನೋರು ಬಂದು ‘ಕೆಂಪಿಲ್ವಲ್ಲ, ನಮ್ಮ ಕಡೆ ಓಕೆ’ ಅಂದ್ರು, ಇಪಿಎಬಿಎಕ್ಸ್‌ನೋರು (ಹೊರಗಿನ ಲೈನನ್ನ ಆಫೀಸಿನ ಇಂಟರ್‌ಕಾಮ್‌ಗಳಿಗೆ ಹಂಚೋ ಪೆಟ್ಟಿಗೆಯೋರು) ‘ಲೈನೇ ಬರ್ತಿಲ್ಲ’ ಅಂತಾರೆ. ಯಾರನ್ನ ಹಿಡೀಬೇಕು?

ಉತ್ತರ: ಮೇಡಂ, ನಿಮ್ಮ ಪತ್ರದಲ್ಲೇ ಉತ್ತರದ ಮುಕ್ಕಾಲು ಭಾಗ ಇದೆ, ಟೆಲ್ ಆರಿದೆ ಅಂತ ನೀವೇ ಬರೆದಿದ್ದೀರಿ. ನಮ್ಮಲ್ಲಿ ಬಹಳ ಜನಕ್ಕೆ ಕೆಂಪು ಬಂದ್ರೆ ಮಾತ್ರ ತೊಂದ್ರೆ ಅನ್ನೋ ಅಭ್ಯಾಸ, ಆರಿರೋ ಲೈಟನ್ನ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಒಂದೊಂದು ಲೈಟೂ ದಾರಿಯ ಒಂದೊಂದು ತುಂಡಿನ ಬಗ್ಗೆ ಮಾತ್ರ ಹೇಳುತ್ತೆ, ಪಕ್ಕದ ತುಂಡು ಹೇಗಿದೆ ಅಂತ ಅದಕ್ಕೆ ಗೊತ್ತಿರಲ್ಲ.

ಪಾನ್ ಹಸಿರಾಗಿ ನಿಂತಿದೆ ಅಂದ್ರೆ ಎಕ್ಸ್‌ಚೇಂಜ್ ಕಡೆ ಮೆಷಿನ್ ನಿಮ್ಮ ಮೋಡೆಮ್‌ನ ಗುರುತಿಸಿದೆ ಅಂತ, ಅಷ್ಟೇ. ಅದು ಮಿಣುಕ್ತಾ ಇದ್ರೆ ಇನ್ನೂ ಗುರುತಿಸೋ ಪ್ರಯತ್ನ ನಡೀತಿದೆ. ಎಲ್‌ಓಎಸ್ ಅನ್ನೋದು ಕೆಂಪಗೆ ಮಿಣುಕಿದ್ರೆ ಫೈಬರಲ್ಲಿ ಬೆಳಕೇ ಬರ್ತಿಲ್ಲ, ಇಲ್ಲಾ ಸಾಕಾಗೋಷ್ಟು ಬರ್ತಿಲ್ಲ: ಮರ ಬಿದ್ದು ಕೇಬಲ್ ಕಿತ್ತಿರಬಹುದು, ಇಲಿ ಕಡಿದಿರಬಹುದು, ಮೇಜಿನ ಹಿಂದೆ ಯಾರೋ ಮಡಚಿ ತುರುಕಿರಬಹುದು. ಆಗ ಆ ತಂತಿ ಕಿತ್ತು ತುದೀಲಿ ಬೆಳಕಿದ್ಯಾ ಅಂತ ಕಣ್ಣು ಹಾಕಿ ನೋಡಬೇಡಿ, ಅಲ್ಲಿ ಬರೋದು ಸಾಮಾನ್ಯವಾಗಿ 1490 ನ್ಯಾನೊಮೀಟರ್ ಬೆಳಕು, ಕಣ್ಣಿಗೆ ಕಾಣೋದೇ ಇಲ್ಲ, ಕಾಣದಿದ್ರೂ ಲೇಸರೇ ತಾನೆ.

ನಿಮಗೆ ಇದ್ಯಾವುದೂ ಅಲ್ಲ. ಇಂಟರ್ನೆಟ್ಟೂ ಫೋನೂ ಬರೋದು ಒಂದೇ ಗಾಜಿನ ಎಳೇಲಿ ಆದ್ರೂ ಒಳಗೆ ಎರಡರ ಲೆಕ್ಕ ಬೇರೆ ಬೇರೆ. ನಿಮ್ಮ ನಂಬರ್ ಕಂಪನಿಯ ವಾಯ್ಸ್ ಸರ್ವರಲ್ಲಿ, ಅಂದ್ರೆ ಕಾಲ್‌ಗಳನ್ನ ನೋಡ್ಕೊಳ್ಳೋ ಕಂಪ್ಯೂಟರಲ್ಲಿ, ಪ್ರತ್ಯೇಕವಾಗಿ ರಿಜಿಸ್ಟರ್ ಆಗಬೇಕು, ಹಾಗೆ ಆದ್ರೇನೇ ಸುಮಾರು ಮಾಡೆಲ್‌ಗಳಲ್ಲಿ ಟೆಲ್ ಹತ್ತೋದು, ರಿಸೀವರ್ ಎತ್ತಿದಾಗ ಮಿಣುಕೋದು. ಕೆಲವು ಮೋಡೆಮ್‌ನಲ್ಲಿ ರಿಸೀವರ್ ಎತ್ತಿದಾಗ ಮಾತ್ರ ಹತ್ತುತ್ತೆ, ಹಾಗಾಗಿ ಬರೀ ಆರಿದೆ ಅಂತ ನೋಡಿ ತೀರ್ಮಾನ ಮಾಡೋಕಾಗಲ್ಲ, ಒಂದು ಸಣ್ಣ ಟೆಸ್ಟ್ ಮಾಡ್ಲೇಬೇಕು.

ಮೋಡೆಮ್‌ನ ಟೆಲ್ ಪೋರ್ಟಿಂದ ಇಪಿಎಬಿಎಕ್ಸ್‌ಗೆ ಹೋಗೋ ವೈರ್ ಬಿಚ್ಚಿ. ಬಿಚ್ಚೋಕೆ ಮುಂಚೆ ಅದು ಯಾವ ತೂತಲ್ಲಿತ್ತು ನೋಡ್ಕೊಳ್ಳಿ, ಎಷ್ಟೋ ಮೋಡೆಮ್‌ಗೆ ಟೆಲ್ 1, ಟೆಲ್ 2 ಅಂತ ಎರಡಿರುತ್ತೆ, ಧೂಳು ಒರೆಸುವಾಗ ಕಿತ್ತು ಇನ್ನೊಂದಕ್ಕೆ ಚುಚ್ಚಿಬಿಟ್ಟಿರ್ತಾರೆ. ಈಗ ಗೋಡೌನಲ್ಲಿರೋ ಹಳೇ ಸಾದಾ ಫೋನ್ ತಂದು ನೇರ ಮೋಡೆಮ್‌ಗೆ ಹಾಕಿ ನಿಮ್ಮ ಮೊಬೈಲಿಗೆ ಕಾಲ್ ಮಾಡಿ, ವಾಪಸ್ಸೂ ಮಾಡಿ ನೋಡಿ. ಎರಡೂ ಕಡೆ ಕಾಲ್ ಬಂತಾ, ಫೈಬರ್‌ನೋರು ಬಚಾವ್, ಇಪಿಎಬಿಎಕ್ಸ್‌ನ ಟ್ರಂಕ್ ಪೋರ್ಟು (ಹೊರಗಿನ ಲೈನ್ ಬಂದು ಸೇರೋ ತೂತು) ಇಲ್ಲಾ ನಡುವಿನ ವೈರ್ ಹೋಗಿದೆ. ಸಿಡಿಲಿಗೆ ಟ್ರಂಕ್ ಪೋರ್ಟು ಮಾತ್ರ ಸುಟ್ಟು ಇಂಟರ್‌ಕಾಮ್ ನೆಟ್ಟಗಿರೋದು ಅಪರೂಪ ಏನಲ್ಲ, ಎರಡೂ ಬೇರೆ ಸರ್ಕ್ಯೂಟು. ಟೋನೇ ಇಲ್ವಾ, ಇಲ್ಲಾ ಟೋನ್ ಇದ್ದೂ ಕಾಲ್ ಹೋಗ್ತಿಲ್ವಾ, ಆಗ ಮತ್ತೆ ಫೈಬರ್ ಕಂಪನಿಗೇ ಕಂಪ್ಲೇಂಟ್ ಕೊಡಿ, ಆದ್ರೆ ‘ನೆಟ್ ಇದೆ, ವಾಯ್ಸ್ ರಿಜಿಸ್ಟರ್ ಆಗ್ತಿಲ್ಲ, ಮೋಡೆಮ್‌ಗೇ ಫೋನ್ ಹಾಕಿ ನೋಡಿದ್ದೀವಿ’ ಅಂತ ಸ್ಪಷ್ಟವಾಗಿ ಹೇಳಿ, ಬರೀ ಫೋನ್ ಸರಿ ಇಲ್ಲ ಅಂದ್ರೆ ಮತ್ತೆ ಅದೇ ಹುಡುಗ ಬಂದು ಅದೇ ಹಸಿರು ಲೈಟ್ ನೋಡ್ಕೊಂಡು ಹೋಗ್ತಾನೆ. ಕಂಪ್ಲೇಂಟಿಗೆ ಮುಂಚೆ ಮೋಡೆಮ್ ಒಂದ್ಸಲ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಪಾನ್ ನಿಂತ ಮೇಲೆ ಐದು ನಿಮಿಷ ಕಾಯಿರಿ. ಪಿನ್ ಚುಚ್ಚೋ ರೀಸೆಟ್ ತೂತಿನ ತಂಟೆಗೆ ಮಾತ್ರ ಹೋಗಬೇಡಿ, ಅದನ್ನ ಒತ್ತಿ ಹಿಡಿದ್ರೆ ವಾಯ್ಸ್ ಸೆಟ್ಟಿಂಗೂ ಇಂಟರ್ನೆಟ್ ಯೂಸರ್‌ನೇಮೂ ಅಳಿಸಿ ಹೋಗಬಹುದು, ಈಗ ಬರ್ತಿರೋ ನೆಟ್ಟೂ ಹೋಗುತ್ತೆ.

ಇನ್ನೊಂದು ವಿಷ್ಯ. ಗಾಜಿನ ಎಳೇಲಿ ಕರೆಂಟ್ ಹರಿಯಲ್ಲ, ಹಾಗಂತ ಸಿಡಿಲು ಒಳಗೆ ಬರಲ್ಲ ಅಂತಲ್ಲ. ಪವರ್ ಅಡಾಪ್ಟರ್ ಕಡೆಯಿಂದ ಬರುತ್ತೆ, ಗೇಟಿಗೂ ವೇ ಬ್ರಿಡ್ಜಿಗೂ ಬಯಲಲ್ಲಿ ಎಳೆದಿರೋ ತಾಮ್ರದ ಇಂಟರ್‌ಕಾಮ್ ವೈರಿಂದಲೂ ಬರುತ್ತೆ. ಹೂಮಳೆ ಶುರುವಾಗೋಕೆ ಮುಂಚೆ ಆ ಹೊರಗಿನ ವೈರ್ ಜೋಡಿಗಳಿಗೆ ಸರ್ಜ್ ಪ್ರೊಟೆಕ್ಷನ್ ಮಾಡ್ಯೂಲ್ (ಸಿಡಿಲಿನ ಹೊಡೆತವನ್ನ ಭೂಮಿಗೆ ಇಳಿಸೋ ಡಬ್ಬಿ) ಹಾಕ್ಸಿ, ಅದರ ಅರ್ಥ್ ನಿಜವಾಗ್ಲೂ ಭೂಮಿಗೆ ಸೇರಿದ್ಯಾ ಅಂತ ಎಲೆಕ್ಟ್ರಿಷಿಯನ್ ಹತ್ರ ಅಳೆಸಿ. ಹಸಿರು ವೈರನ್ನ ಗೋಡೆಗೆ ಮೊಳೆ ಹೊಡೆದು ಸುತ್ತಿರೋದನ್ನೂ ಅರ್ಥಿಂಗ್ ಅನ್ನೋ ಪುಣ್ಯಾತ್ಮರಿದಾರೆ.

ಪ್ರಶ್ನೆ: ಹಾಸನ ಬಿ.ಎಂ. ರೋಡಲ್ಲಿ ನಮ್ಮ ಆಫೀಸು. ಪಿಓಇ ಸ್ವಿಚ್ಚಿಂದ (ನೆಟ್‌ವರ್ಕ್ ಕೇಬಲಲ್ಲೇ ಕರೆಂಟೂ ಕೊಡೋ ಪೆಟ್ಟಿಗೆ) ಐಪಿ ಫೋನ್‌ಗಳು, ಅಂದ್ರೆ ನೆಟ್‌ವರ್ಕ್ ಮೇಲೆ ಓಡೋ ಫೋನ್‌ಗಳು, ನಡೀತಿದ್ವು, ಅದಕ್ಕೇ ಎರಡು ಸಿಸಿ ಕ್ಯಾಮೆರಾ ಸೇರಿಸಿದ್ವಿ. ಹಗಲೆಲ್ಲಾ ಸರಿ, ಕತ್ತಲಾದ್ಮೇಲೆ ಕೊನೇ ಫೋನ್ ತಾನಾಗೇ ಆಫ್ ಆಗುತ್ತೆ. ಫೋನ್ ಬದಲಾಯಿಸಿದ್ರೂ ಅಷ್ಟೇ.

ಉತ್ತರ: ಫೋನ್‌ದೇನೂ ತಪ್ಪಿಲ್ಲ, ಪಾಪ. ಕತ್ತಲಾದ ತಕ್ಷಣ ಕ್ಯಾಮೆರಾದ ಇನ್‌ಫ್ರಾರೆಡ್ ಲೈಟ್ ಹತ್ತುತ್ತೆ, ಅದು ಎಳೆಯೋ ಪವರ್ ಏರುತ್ತೆ, ಸ್ವಿಚ್ಚಿನ ಒಟ್ಟು ಪವರ್ ಮೀರಿದ್ರೆ ಅದು ಒಂದು ಪೋರ್ಟನ್ನ ಕಟ್ ಮಾಡುತ್ತೆ, ಸಾಮಾನ್ಯವಾಗಿ ಕೊನೇ ನಂಬರಿಂದು. ಮೂಲ ಪಿಓಇ ಸ್ಟ್ಯಾಂಡರ್ಡ್ ಪ್ರಕಾರ ಒಂದು ಪೋರ್ಟು 15.4 ವ್ಯಾಟ್‌ವರೆಗೆ ಕೊಡಬಹುದು, ಎಂಟು ಪೋರ್ಟಿಗೆ 123 ವ್ಯಾಟ್ ಆಯ್ತು, ಆದ್ರೆ ಕಮ್ಮಿ ರೇಟಿನ ಎಂಟು ಪೋರ್ಟ್ ಸ್ವಿಚ್ಚಲ್ಲಿ ಒಟ್ಟು 60 ವ್ಯಾಟ್ ಆಸುಪಾಸು ಇರೋದೇ ಜಾಸ್ತಿ. ಸಂಜೆ ಫೋನ್ ಹೋದಾಗ ಆ ಪೋರ್ಟಿನ ಪಿಓಇ ಲೈಟ್ ನೋಡಿ, ಆರಿದ್ರೆ ಇದೇ ಕಥೆ. ಪಿಓಇ ಮ್ಯಾಕ್ಸ್ ಅಂತ ಲೈಟಿದ್ರೆ ಅದೂ ಹತ್ತಿರುತ್ತೆ. ಆಗ ಒಂದು ಕ್ಯಾಮೆರಾ ಕಿತ್ತು ನೋಡಿ, ಫೋನ್ ಎದ್ದು ಕೂತ್ರೆ ಅನುಮಾನವೇ ಬೇಡ. ದೊಡ್ಡ ಸ್ವಿಚ್ಚಿಗೆ ಈಗ್ಲೇ ದುಡ್ಡು ಹಾಕಬೇಡಿ, ಎರಡು ಕ್ಯಾಮೆರಾಗೂ ಬೇರೆ ಪಿಓಇ ಇಂಜೆಕ್ಟರ್ (ಒಂದೇ ಕೇಬಲಿಗೆ ಪವರ್ ಸೇರಿಸೋ ಸಣ್ಣ ಡಬ್ಬಿ) ತಗೊಳ್ಳಿ, ಆದ್ರೆ 24 ವೋಲ್ಟಿನ ಪ್ಯಾಸಿವ್ ಇಂಜೆಕ್ಟರ್ ಕೊಡ್ತಾರೆ ನೋಡಿ, ಅದು ಬೇಡ, 802.3ಎಎಫ್ (ಆ ಮೂಲ ಪಿಓಇ ಸ್ಟ್ಯಾಂಡರ್ಡಿನ ಹೆಸರು) ಅಂತ ಬರೆದಿರೋದೇ ಕೇಳಿ.