ಸಮ್ಮೋಹನ ಚಿಕಿತ್ಸೆ ವಶೀಕರಣವೇ? ಕರುಳಿನ ತೊಂದರೆಗೆ ಅದರಿಂದ ಉಪಯೋಗವಿದೆಯೇ?

ಪ್ರಶ್ನೆ: ನಾವು ಕುಂದಾಪುರದ ಕಡೆಯವರು, ಇಪ್ಪತ್ತು ವರ್ಷಗಳಿಂದ ಡೊಂಬಿವಲಿಯಲ್ಲಿದ್ದೇವೆ. ನಮ್ಮ ಯಜಮಾನರಿಗೆ 44 ವರ್ಷ, ಕೆಲಸ ಮುಂಬೈಯ ಫೋರ್ಟಿನಲ್ಲಿ. ಎರಡು ವರ್ಷಗಳಿಂದ ಬೆಳಿಗ್ಗೆ ಹೊಟ್ಟೆ ಹಿಂಡಿದಂತಾಗಿ ಮೂರು ನಾಲ್ಕು ಸಲ ಶೌಚಕ್ಕೆ ಹೋಗಬೇಕಾಗುತ್ತದೆ. ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ ಎಂಬ ಭಯದಿಂದಲೇ ಎಷ್ಟೋ ದಿನ ದಾರಿಯ ನಡುವೆ ಠಾಣೆ ನಿಲ್ದಾಣದಲ್ಲಿ ಇಳಿದು ಮನೆಗೆ ಮರಳಿದ್ದಾರೆ. ರಕ್ತಪರೀಕ್ಷೆ, ಕೊಲೊನೊಸ್ಕೋಪಿ ಎಲ್ಲವೂ ಸರಿಯಿದ್ದು, ಇದು ಐಬಿಎಸ್ (ಇರಿಟೆಬಲ್ ಬೊವೆಲ್ ಸಿಂಡ್ರೋಮ್, ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಕಾಡುವ ಕರುಳಿನ ತೊಂದರೆ) ಎಂದು ವೈದ್ಯರು ಹೇಳಿದ್ದಾರೆ. ಔಷಧದಿಂದ ಹೆಚ್ಚು ಗುಣ ಕಂಡಿಲ್ಲ. ಹಿಪ್ನೋಥೆರಪಿ, ಅಂದರೆ ಸಮ್ಮೋಹನ ಚಿಕಿತ್ಸೆ, ಮಾಡಿಸಿ ಎಂದು ಅವರ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅದು ವಶೀಕರಣ, ಬೇಡವೇ ಬೇಡ ಎಂದು ಅತ್ತೆ ಹಟ ಹಿಡಿದಿದ್ದಾರೆ. ವಿಚಾರಿಸಿದ ಕೇಂದ್ರವೊಂದರವರು, ಪೂರ್ವಜನ್ಮದಲ್ಲಿ ಕಾರಣ ಹುಡುಕುತ್ತೇವೆ, ಪೂರ್ತಿ ಹಣ ಮುಂಗಡ ಕಟ್ಟಿ ಎಂದರು. ಏನು ಮಾಡಲಿ?

ಉತ್ತರ: ಐಬಿಎಸ್‌ನಿಂದ ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿ ಕಳುಹಿಸುವುದು ಸುಲಭ. ಆದರೆ ಒಂದು ಗಂಟೆಗೂ ಮೀರಿದ ರೈಲು ಪ್ರಯಾಣವನ್ನೇ ನಂಬಿ ಹೊಟ್ಟೆ ಹೊರೆಯುವ ಮನುಷ್ಯನಿಗೆ ಅದು ಎಂತಹ ಸೆರೆಯೆಂಬುದನ್ನು ನನ್ನ ಬಳಿ ಬರುವವರಲ್ಲಿ ಕಾಣುತ್ತಲೇ ಇದ್ದೇನೆ. ನಿಮ್ಮ ಯಜಮಾನರ ಕಷ್ಟ ನಿಜವಾದದ್ದು. ಪರೀಕ್ಷೆಗಳೆಲ್ಲ ಸರಿಯಿವೆ ಎಂದಮಾತ್ರಕ್ಕೆ ನೋವು ಅವರ ಭ್ರಮೆಯಾಗುವುದಿಲ್ಲ.

ಮೊದಲು ಅತ್ತೆಯವರ ಆತಂಕಕ್ಕೆ ಬರುತ್ತೇನೆ. ವೇದಿಕೆಯ ಮೇಲೆ ಜಾದೂಗಾರರು ಮಾಡುವ ಸಮ್ಮೋಹನವನ್ನು ಕಂಡವರಿಗೆ ಆ ಭಯ ಸಹಜ. ಅಲ್ಲಿ ಸಾಮಾನ್ಯವಾಗಿ ತಾವಾಗಿ ಮುಂದೆ ಬಂದವರಲ್ಲೇ ಬೇಗ ಸ್ಪಂದಿಸುವವರನ್ನು ಆರಿಸಿಕೊಂಡಿರುತ್ತಾರೆ ಎಂಬುದು ಪ್ರೇಕ್ಷಕರಿಗೆ ತಿಳಿಯುವುದಿಲ್ಲ. ಚಿಕಿತ್ಸೆಯ ಕೋಣೆಯಲ್ಲಿ ರೋಗಿ ಎಚ್ಚರವಾಗಿಯೇ ಇರುತ್ತಾನೆ, ಮಾತು ಕೇಳಿಸುತ್ತಿರುತ್ತದೆ, ಒಪ್ಪದ ಸೂಚನೆಯನ್ನು ತಳ್ಳಿಹಾಕಬಲ್ಲ, ಬೇಡವೆನಿಸಿದರೆ ಕಣ್ಣು ತೆರೆದು ಎದ್ದು ಬರಬಲ್ಲ. ನಿಮ್ಮ ಯಜಮಾನರು ಬೆಳಗಿನ ಲೋಕಲ್‌ಗಳಲ್ಲಿ ಭಜನೆ ಮಂಡಳಿಯವರನ್ನು ನೋಡಿಯೇ ಇರುತ್ತಾರೆ. ತಾಳ ಹಿಡಿದು ಹಾಡುವವರಿಗೆ ಅರ್ಧ ಗಂಟೆ ಆ ನೂಕುನುಗ್ಗಲಿನ ಪರಿವೆಯೇ ಇರುವುದಿಲ್ಲ. ಆದರೆ ತಮ್ಮ ನಿಲ್ದಾಣ ಬಂದ ಕೂಡಲೇ ತಾಳವನ್ನು ಚೀಲಕ್ಕೆ ಹಾಕಿ ಇಳಿದುಬಿಡುತ್ತಾರೆ. ಗಮನ ಒಂದೆಡೆ ನೆಟ್ಟು, ಉಳಿದದ್ದು ಹಿಂದೆ ಸರಿದು, ಎಚ್ಚರ ಮಾತ್ರ ಕಳೆಯದ ಆ ಸ್ಥಿತಿ ಸಮ್ಮೋಹನಕ್ಕೆ ತೀರ ಹತ್ತಿರದ್ದು.

ಹೆಸರಿನಿಂದಲೇ ಒಂದು ತಪ್ಪು ಕಲ್ಪನೆ ಹುಟ್ಟಿಕೊಂಡಿದೆ. ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಜೇಮ್ಸ್ ಬ್ರೇಡ್ 1840ರ ದಶಕದಲ್ಲಿ ಗ್ರೀಕ್ ಭಾಷೆಯ ನಿದ್ರೆ ಎಂಬ ಅರ್ಥದ ಪದದಿಂದ ‘ಹಿಪ್ನಾಟಿಸಂ’ ಎಂಬ ಮಾತನ್ನು ಬಳಕೆಗೆ ತಂದರು. ಇದು ನಿದ್ರೆಯಲ್ಲ, ಮನಸ್ಸು ಒಂದೇ ವಿಚಾರದಲ್ಲಿ ನೆಲೆಸುವುದು ಎಂದು ಮನಗಂಡು ಮುಂದೆ ಹೆಸರು ಬದಲಿಸಲು ಅವರೇ ಯತ್ನಿಸಿದರೂ, ಹಳೆಯ ಹೆಸರೇ ಉಳಿಯಿತು. ಅದಕ್ಕೂ ಮೊದಲು, 1784ರಲ್ಲಿ, ಮೆಸ್ಮರ್ ಎಂಬ ವೈದ್ಯ ಸಾರುತ್ತಿದ್ದ, ಸಮ್ಮೋಹನದ ಪೂರ್ವರೂಪವೆನ್ನಬಹುದಾದ ಕಾಂತಶಕ್ತಿಯ ಚಿಕಿತ್ಸೆಯನ್ನು ಪ್ಯಾರಿಸ್ಸಿನಲ್ಲಿ ಪರೀಕ್ಷಿಸಿದ ಸಮಿತಿ (ಬೆಂಜಮಿನ್ ಫ್ರಾಂಕ್ಲಿನ್, ರಸಾಯನ ವಿಜ್ಞಾನಿ ಲವಾಸಿಯೆ ಅದರಲ್ಲಿದ್ದರು) ಅಂಥ ಶಕ್ತಿಯೇನೂ ಇಲ್ಲ, ಪರಿಣಾಮವೆಲ್ಲ ಕಲ್ಪನೆಯದು ಎಂದು ತೀರ್ಪು ಕೊಟ್ಟಿತು. ಅಂದು ಅದು ಖಂಡನೆಯಾಗಿತ್ತು. ದೇಹದಲ್ಲಿ ಅಷ್ಟೆಲ್ಲ ಬದಲಾವಣೆಯನ್ನು ಕಲ್ಪನೆ ಹೇಗೆ ಮಾಡುತ್ತದೆ ಎಂದು ಕೇಳಲು ಬಹಳ ಕಾಲ ಬೇಕಾಯಿತು; ನನ್ನ ಮಟ್ಟಿಗೆ ಈ ವಿಷಯದ ಹೃದಯವೇ ಆ ಪ್ರಶ್ನೆ.

1997ರಲ್ಲಿ ಕೆನಡಾದ ಸಂಶೋಧಕರು ಕೆಲವರನ್ನು ಸಮ್ಮೋಹನಕ್ಕೆ ಒಳಪಡಿಸಿ, ಅವರ ಕೈಯನ್ನು ಸಹಿಸಲು ಕಷ್ಟವಾಗುವಷ್ಟು ಬಿಸಿ ನೀರಿನಲ್ಲಿ ಇರಿಸಿ, ನೋವಿನ ಸಂಕಟ ಹೆಚ್ಚುತ್ತಿದೆ ಅಥವಾ ತಗ್ಗುತ್ತಿದೆ ಎಂದು ಸೂಚಿಸಿದರು. ನೀರಿನ ಬಿಸಿ ಬದಲಾಗದಿದ್ದರೂ ಜನ ಹೇಳಿದ ಸಂಕಟ ಬದಲಾಯಿತು. ಅದರ ಜೊತೆಗೇ ನೋವಿನ ಭಾವನಾತ್ಮಕ ಮುಖವನ್ನು ನೋಡಿಕೊಳ್ಳುವ ಮೆದುಳಿನ ಭಾಗದ ಚಟುವಟಿಕೆಯೂ ಏರಿಳಿಯಿತು. ಐಬಿಎಸ್‌ನಲ್ಲಿಯೂ ಮೆದುಳು ಮತ್ತು ಕರುಳಿನ ನಡುವಿನ ಸಂವಾದವೇ ಕೆಟ್ಟಿರುತ್ತದೆ. ಬೇರೆಯವರಿಗೆ ಗೊತ್ತೇ ಆಗದ ಸಣ್ಣ ಸೆಳೆತ ಇವರಿಗೆ ನೋವಾಗುತ್ತದೆ, ನೋವು ಭಯವಾಗುತ್ತದೆ, ಭಯ ಮತ್ತೆ ಕರುಳನ್ನು ಹಿಂಡುತ್ತದೆ. ರೈಲು ಮುಂಬ್ರಾ ನಿಲ್ದಾಣ ದಾಟುವಷ್ಟರಲ್ಲಿ ಈ ಸುತ್ತು ಎಷ್ಟೋ ಸಲ ತಿರುಗಿರುತ್ತದೆ.

ಇದಕ್ಕೆಂದೇ ರೂಪಿಸಿದ ಕ್ರಮವೊಂದಿದೆ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ವೊರ್ವೆಲ್ ಮತ್ತು ಸಂಗಡಿಗರು, ಬೇರೆ ಚಿಕಿತ್ಸೆಗೆ ಬಗ್ಗದ 30 ಮಂದಿ ಐಬಿಎಸ್ ರೋಗಿಗಳ ಮೇಲೆ ನಡೆಸಿ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಮ್ಮೋಹನ ಪಡೆದ ಗುಂಪಿನಲ್ಲಿ ಸುಧಾರಣೆ ಸ್ಪಷ್ಟವಾಗಿ ಹೆಚ್ಚಿತ್ತು. ಹನ್ನೆರಡು ತಿಂಗಳ ಔಷಧದಿಂದಲೂ ಗುಣವಾಗದವರಿಗೆ ಇದನ್ನು ಪರಿಗಣಿಸಬಹುದೆಂದು ಬ್ರಿಟನ್ನಿನ ರಾಷ್ಟ್ರೀಯ ಮಾರ್ಗಸೂಚಿ 2008ರಲ್ಲಿ ಹೇಳಿತು. ನಡೆಯುವುದಿಷ್ಟು: ಒರಗು ಕುರ್ಚಿಯಲ್ಲಿ ಕುಳಿತ ರೋಗಿ ಉಸಿರನ್ನು ಗಮನಿಸುತ್ತ, ಚಿಕಿತ್ಸಕರ ನಿಧಾನದ ಮಾತಿನೊಂದಿಗೆ ಪಾದದಿಂದ ಹಣೆಯವರೆಗೆ ಮೈ ಸಡಿಲಿಸುತ್ತಾರೆ. ಆಮೇಲೆ ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡು, ಅದರ ಬಿಸುಪು ಒಳಗಿಳಿಯುವುದನ್ನು ಅನುಭವಿಸುತ್ತಾರೆ. ಕರುಳನ್ನು ಹರಿಯುವ ನದಿಯಾಗಿ ಕಲ್ಪಿಸಿಕೊಳ್ಳುವುದು ಈ ಕ್ರಮದ ಮುಖ್ಯ ಭಾಗ. ಯಾವ ನದಿ ಎಂದು ನಾನು ರೋಗಿಯನ್ನೇ ಕೇಳುತ್ತೇನೆ. ಆಟಿ ತಿಂಗಳ ಮಳೆಯಲ್ಲಿ ಕೆಂಪಾಗಿ ನುಗ್ಗುವ ಊರಿನ ಹೊಳೆ ಮುಂದಿನ ಸೋಣೆ ತಿಂಗಳಲ್ಲಿ ತಿಳಿಯಾಗುವುದನ್ನು ನೆನೆಯುವವರಿಗೆ ನಾನು ಹೆಚ್ಚು ಹೇಳಬೇಕಾಗುವುದೇ ಇಲ್ಲ. ಸಾಮಾನ್ಯವಾಗಿ ವಾರಕ್ಕೊಂದರಂತೆ ಏಳರಿಂದ ಹನ್ನೆರಡು ಭೇಟಿಗಳು, ಜೊತೆಗೆ ಧ್ವನಿಮುದ್ರಣ ಕೇಳಿ ಮನೆಯಲ್ಲಿ ದಿನನಿತ್ಯದ ಅಭ್ಯಾಸ. ಅಭ್ಯಾಸ ತಪ್ಪಿಸಿದರೆ ಫಲವೂ ಕಡಿಮೆ.

ಎಲ್ಲರೂ ಒಂದೇ ಪ್ರಮಾಣದಲ್ಲಿ ಸ್ಪಂದಿಸುವುದಿಲ್ಲ ಎಂಬುದನ್ನೂ ಹೇಳಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ 1959ರಲ್ಲಿ ಈ ಗುಣವನ್ನು ಅಳೆಯಲು ಹನ್ನೆರಡು ಅಂಶಗಳ ಮಾಪಕವೊಂದು ರೂಪುಗೊಂಡಿತು. ಕೆಲವರನ್ನು 25 ವರ್ಷಗಳ ಬಳಿಕ ಪುನಃ ಅಳೆದಾಗಲೂ ಅಂಕಗಳು ಹೆಚ್ಚು ಬದಲಾಗಿರಲಿಲ್ಲ. ಸ್ಪಂದನ ಕಡಿಮೆಯಿದ್ದರೆ ಅದು ಮನೋಬಲದ ಕೊರತೆಯಲ್ಲ. ಅಂಥವರಿಗೆ, ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಮಾತುಕತೆಯಿಂದ ತಿದ್ದುವ ಅರಿವು ಮತ್ತು ವರ್ತನೆಯ ಚಿಕಿತ್ಸೆಯೆಂಬ (ಸಿಬಿಟಿ) ಇನ್ನೊಂದು ದಾರಿಯಿದೆ.

ಪೂರ್ವಜನ್ಮದ ಮಾತಾಡಿದ ಕೇಂದ್ರಕ್ಕೆ ದಯವಿಟ್ಟು ಹೋಗಬೇಡಿ. ಸಮ್ಮೋಹನದಲ್ಲಿ ಕಲ್ಪನೆ ಚುರುಕಾಗಿರುವುದರಿಂದ, ಕೆದಕಿ ಕೇಳಿದರೆ ನಡೆಯದ ಘಟನೆಯೂ ನೆನಪಿನಂತೆ ತೋರುತ್ತದೆ, ಅದು ಸತ್ಯವೆಂಬ ನಂಬಿಕೆಯೂ ಬಲವಾಗುತ್ತದೆ. ಹೊಟ್ಟೆನೋವಿಗೆಂದು ಹೋದವರು ಇಲ್ಲದ ದುಃಖವೊಂದನ್ನು ಹೊತ್ತು ಮರಳುವುದು ನನಗೆ ಬಹಳ ಸಂಕಟ ತರುತ್ತದೆ. ಸಮ್ಮೋಹನ ಬರುತ್ತದೆ ಎಂಬುದೊಂದೇ ಅರ್ಹತೆಯಲ್ಲ. ಆ ವ್ಯಕ್ತಿ ಮೂಲತಃ ಮನೋವೈದ್ಯರೋ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ ಎಂದು ಕೇಳಿ, ನೋಂದಣಿ ಸಂಖ್ಯೆ ಪಡೆಯಿರಿ. ಐಬಿಎಸ್ ರೋಗಿಗಳನ್ನು ನೋಡಿದ ಅನುಭವವಿದೆಯೇ ಎಂದೂ ವಿಚಾರಿಸಿ. ಶುಲ್ಕವನ್ನು ಭೇಟಿಯಿಂದ ಭೇಟಿಗೆ ಕೊಡಿ.

ಮನೆಯಲ್ಲಿ ಯಾರಿಗಾದರೂ ತೀವ್ರ ಮನೋರೋಗದ ಇತಿಹಾಸವಿದ್ದರೆ ಮೊದಲೇ ತಿಳಿಸಿ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಭೇದಿಯಿಂದಾಗಿ ರಾತ್ರಿ ನಿದ್ರೆಯಿಂದ ಏಳುವುದು ಕಂಡುಬಂದರೆ ಕಾಯದೆ ಉದರ ತಜ್ಞರನ್ನು ಪುನಃ ಕಾಣಿ. ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿ.

ಮೊದಲ ಭೇಟಿಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆಗಳನ್ನು ಅವರೇ ಕೇಳಲಿ. ರೈಲಿನ ಭಯಕ್ಕೆ ಪ್ರತ್ಯೇಕ ಅಭ್ಯಾಸ ಬೇಕಾಗುತ್ತದೆ: ಮೊದಲು ಕುರ್ಚಿಯಲ್ಲೇ ಕುಳಿತು ಪ್ರಯಾಣವನ್ನು ನಿಲ್ದಾಣ ನಿಲ್ದಾಣವಾಗಿ ಕಲ್ಪಿಸಿಕೊಳ್ಳುವುದು, ಆಮೇಲೆ ಒಂದು ಭಾನುವಾರ, ಜನ ಕಡಿಮೆಯಿರುವ ಹೊತ್ತಿನಲ್ಲಿ, ಸ್ಲೋ ಲೋಕಲ್ ಹತ್ತಿ ನಿಮ್ಮ ಜೊತೆ ಠಾಣೆಯವರೆಗೆ ಮಾತ್ರ ಹೋಗಿ ಬರುವುದು.